ಸುಡೊ ಇಲ್ಲದೆ ಆರ್ಮ್ ಇಮೇಜ್: ಎಂಎಂಡೆಬ್‌ಸ್ಟ್ರಾಪ್ ಜೊತೆ ನಾಲ್ಕು ವರ್ಷ

ನಾಲ್ಕು ವರ್ಷದ ಹಿಂದೆ ಒಂದು ಸಂಜೆ ನನ್ನದೇ ಲ್ಯಾಪ್‌ಟಾಪಿನಲ್ಲಿ ಸಾಧನಗಳ ಫೈಲುಗಳಿರುವ ‘ಡೆವ್’ ಡೈರೆಕ್ಟರಿಯನ್ನು ನಾನೇ ಅಳಿಸಿಹಾಕಿದ್ದೆ. ಆರ್ಮ್ ಪ್ರೊಸೆಸರಿನ ಪುಟ್ಟ ಬೋರ್ಡ್ ಒಂದಕ್ಕೆ ಡೆಬಿಯನ್ ಲಿನಕ್ಸಿನ ಇಮೇಜ್ (ಕಾರ್ಡಿಗೆ ಹಾಗೆಯೇ ಬರೆಯುವ ಇಡೀ ಸಿಸ್ಟಮ್ಮಿನ ಫೈಲು) ತಯಾರಿಸುವ ಸ್ಕ್ರಿಪ್ಟ್ ಬರೆದಿದ್ದೆ. ರೂಟ್ ಎಂಬ ಸರ್ವಾಧಿಕಾರದ ಬಳಕೆದಾರನಾಗಿ ಓಡಿಸುವ ಸುಡೊ ಹಾಕಿ, ಡೆಬಿಯನ್ ಕಟ್ಟುವ ಟೂಲ್ ಡೆಬೂಟ್‌ಸ್ಟ್ರಾಪ್ ಓಡಿಸುವುದು, ಫೈಲನ್ನು ಡಿಸ್ಕಿನಂತೆ ತೋರಿಸುವ ಲೂಪ್ ಡಿವೈಸ್ ಕಟ್ಟುವುದು, ಹೋಸ್ಟಿನ (ಅಂದರೆ ಲ್ಯಾಪ್‌ಟಾಪಿನ) ಡೆವ್ ಅನ್ನು ಸಿಎಚ್‌ರೂಟ್ (ಹೊಸ ಸಿಸ್ಟಮ್ ಕಟ್ಟುತ್ತಿರುವ ಫೋಲ್ಡರ್) ಒಳಗೂ ಕಾಣುವಂತೆ ಬೈಂಡ್ ಮೌಂಟ್ ಮಾಡುವುದು, ಕೆಲಸ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚುವುದು ಅದರ ಕೆಲಸ. ಅಂದು ನಡುವೆ ಯಾವುದೋ ಪ್ಯಾಕೇಜ್ ಇಳಿಯದೆ ಸ್ಕ್ರಿಪ್ಟ್ ನಿಂತುಹೋಯಿತು, ಬಿಚ್ಚುವ ಭಾಗ ಓಡಲೇ ಇಲ್ಲ. ಅರ್ಧಂಬರ್ಧ ಫೋಲ್ಡರ್ ತಾನೇ ಎಂದು ಸುಡೊ ಸಮೇತ ಅಳಿಸುವ ಕಮಾಂಡ್ ‘ಆರ್‌ಎಂ’ ಒತ್ತಿದೆ, ಒಳಗೆ ಜೋಡಿಸಿದ್ದ ಡೆವ್ ಕೂಡ ಹೋಯಿತು. ಆಮೇಲೆ ಹೊಸ ಟರ್ಮಿನಲ್ ತೆರೆಯಲು ಹೋದರೆ ತೆರೆಯಲಿಲ್ಲ. ಡೆವ್ ಇರುವುದು ಮೆಮೊರಿಯಲ್ಲಿ, ಹಾಗಾಗಿ ರೀಬೂಟ್ ಮಾಡಿದಾಗ ಮರಳಿ ಬಂತು. ಬೈಂಡ್ ಮಾಡಿದ್ದು ಹೋಮ್ ಡೈರೆಕ್ಟರಿ ಆಗಿದ್ದರೆ ಇವತ್ತು ನಾನು ಬರೆಯುತ್ತಿದ್ದುದು ಬ್ಯಾಕಪ್ ಸಾಫ್ಟ್‌ವೇರಿನ ವಿಮರ್ಶೆ.

ಆ ವಾರವೇ ಎಂಎಂಡೆಬ್‌ಸ್ಟ್ರಾಪ್‌ಗೆ ಬಂದೆ. ಹೆಸರು ನಾಲಿಗೆ ಮೇಲೆ ಹೊರಳುವುದಿಲ್ಲ, ಇರಲಿ. ಇದೂ ಡೆಬೂಟ್‌ಸ್ಟ್ರಾಪ್ ಹಾಗೆಯೇ ಡೆಬಿಯನ್ನಿನ ಮೂಲ ಸಿಸ್ಟಮ್ಮನ್ನು ಪ್ಯಾಕೇಜುಗಳಿಂದ ಕಟ್ಟಿಕೊಡುತ್ತದೆ. ಆದರೆ ಯಾವ ಪ್ಯಾಕೇಜಿಗೆ ಯಾವುದು ಬೇಕು ಎಂಬ ಲೆಕ್ಕವನ್ನು ತಾನೇ ಮಾಡಲು ಹೋಗದೆ ಡೆಬಿಯನ್ನಿನ ಪ್ಯಾಕೇಜ್ ಮ್ಯಾನೇಜರ್ ಎಪಿಟಿಗೆ ಒಪ್ಪಿಸುತ್ತದೆ. ಅದರಿಂದ ಸೆಕ್ಯುರಿಟಿ ಅಪ್‌ಡೇಟ್‌ಗಳ ರೆಪಾಸಿಟರಿ, ನಮ್ಮದೇ ಪ್ಯಾಕೇಜುಗಳ ರೆಪಾಸಿಟರಿ ಎಲ್ಲವನ್ನೂ ಮೊದಲ ಏಟಿಗೇ ಕೊಡಬಹುದು. ಡೆಬೂಟ್‌ಸ್ಟ್ರಾಪ್‌ಗೆ ಒಂದೇ ಮಿರರ್ (ಪ್ಯಾಕೇಜ್ ಇಳಿಸುವ ತಾಣ) ಗೊತ್ತು. ಉಳಿದದ್ದನ್ನು ಆಮೇಲೆ ಒಳಗೆ ಹೋಗಿ ಸೇರಿಸಬೇಕು. ವೇಗದಲ್ಲೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೆ ನಾನು ಇದನ್ನು ಹಿಡಿದದ್ದು ವೇಗಕ್ಕಲ್ಲ, ರೂಟ್ ಬೇಡ ಎಂಬ ಒಂದೇ ಕಾರಣಕ್ಕೆ.

ರೂಟ್ ಬೇಡ ಎನ್ನುವುದು ಪೂರ್ತಿ ನಿಜವೇ? ಮುಕ್ಕಾಲು ನಿಜ. ಅನ್‌ಶೇರ್ ಮೋಡಿನಲ್ಲಿ ಇದು ಯೂಸರ್ ನೇಮ್‌ಸ್ಪೇಸ್ ತೆರೆಯುತ್ತದೆ, ಅಂದರೆ ಒಳಗಷ್ಟೇ ನಾವು ರೂಟ್ ಆಗಿರುವ ಪ್ರತ್ಯೇಕ ಕೋಣೆ. ಈ ಸೌಲಭ್ಯ 2013ರಲ್ಲಿ ಬಂದ 3.8 ಲಿನಕ್ಸ್ ಕರ್ನಲ್‌ನಿಂದ ಸಾಮಾನ್ಯ ಬಳಕೆದಾರರಿಗೂ ಇದೆ. ಆದರೆ ನಿಮ್ಮ ಹೆಸರಿಗೆ ಒಂದಿಷ್ಟು ಯುಐಡಿಗಳನ್ನು (ಬಳಕೆದಾರರ ಗುರುತಿನ ಅಂಕೆಗಳನ್ನು) ಮೊದಲೇ ಬರೆದಿಟ್ಟಿರಬೇಕು. ಸಾಮಾನ್ಯವಾಗಿ 100000ದಿಂದ ಶುರುವಾಗುವ 65536 ಅಂಕೆಗಳು, ‘ಸಬ್‌ಯುಐಡಿ’ ಮತ್ತು ‘ಸಬ್‌ಜಿಐಡಿ’ ಫೈಲುಗಳಲ್ಲಿ. ‘ಯುಐಡಿಮ್ಯಾಪ್’ ಪ್ಯಾಕೇಜ್ ಇರಬೇಕು. ಬೇರೆ ಪ್ರೊಸೆಸರಿನ ಪ್ರೋಗ್ರಾಮ್ ಓಡಬೇಕಾದರೆ ಆ ಪ್ರೊಸೆಸರಿನಂತೆ ನಟಿಸುವ ಕ್ಯೂಎಮುವಿನ ಯೂಸರ್ ಎಮ್ಯುಲೇಟರ್ ಇರಬೇಕು, ಅದು ಯಾವ ಬಗೆಯ ಪ್ರೋಗ್ರಾಮನ್ನು ಯಾರು ಓಡಿಸಬೇಕು ಎಂದು ಹೇಳುವ ಕರ್ನಲ್ಲಿನ ಬಿನ್‌ಎಫ್‌ಎಂಟಿ ಪಟ್ಟಿಯಲ್ಲಿ ನೋಂದಣಿ ಆಗಿರಬೇಕು. ಇವಿಷ್ಟಕ್ಕೂ ಒಮ್ಮೆ ರೂಟ್ ಬೇಕೇ ಬೇಕು. ಆಫೀಸಿನ ಹಂಚಿಕೆ ಸರ್ವರಿನಲ್ಲಿ ನನಗೆ ಸುಡೊ ಇಲ್ಲ. ಅಡ್ಮಿನ್‌ಗೆ ಒಂದು ಮೇಲ್ ಹಾಕಿದೆ, ಹತ್ತು ನಿಮಿಷದ ಕೆಲಸ ಅವರು ಮಾಡಿಕೊಟ್ಟರು. ಅಲ್ಲಿಂದಾಚೆ ಇಮೇಜ್ ವಿಷಯಕ್ಕೆ ಅವರ ಬಾಗಿಲು ತಟ್ಟಿಲ್ಲ.

ಎಮ್ಯುಲೇಟರನ್ನು ಸಿಎಚ್‌ರೂಟ್ ಒಳಕ್ಕೆ ಕಾಪಿ ಮಾಡುವ ಹಳೆಯ ಪದ್ಧತಿ ಇನ್ನೂ ಹಲವರ ಸ್ಕ್ರಿಪ್ಟುಗಳಲ್ಲಿ ಉಳಿದಿದೆ. ನೋಂದಣಿಯಲ್ಲಿ ‘ಎಫ್’ ಗುರುತು ಇದ್ದರೆ ಕರ್ನಲ್ ಆಗಲೇ ಎಮ್ಯುಲೇಟರ್ ಫೈಲನ್ನು ತೆರೆದು ಹಿಡಿದಿಟ್ಟುಕೊಳ್ಳುತ್ತದೆ, ಒಳಗೆ ಕಾಪಿ ಬೇಕಿಲ್ಲ. 4.8 ಕರ್ನಲ್‌ನಿಂದ ಇದು ಇದೆ. ನೋಂದಣಿಯೇ ಆಗಿರದಿದ್ದರೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ. ಅದೇ ವಾಸಿ.

ಇನ್ನು ನನ್ನನ್ನು ಅತಿ ಹೆಚ್ಚು ಕಾಡಿದ ವಿಷಯ: ಫೈಲು ಯಾರದು ಎಂಬ ಪ್ರಶ್ನೆ. ನೇಮ್‌ಸ್ಪೇಸ್ ಒಳಗಿನ ರೂಟ್ ಹೊರಗಿನಿಂದ ನೋಡಿದರೆ 100000 ಸಂಖ್ಯೆಯ ಅನಾಮಿಕ. ಅವನು ನಾನೂ ಅಲ್ಲ, ನಿಜವಾದ ರೂಟೂ ಅಲ್ಲ. ಈ ಒಂದು ಮಾತು ತಲೆಗೆ ಇಳಿಯಲು ನನಗೆ ಮೂರು ಪೆಟ್ಟು ಬೇಕಾದವು.

ಮೊದಲ ಪೆಟ್ಟು ಬಿದ್ದದ್ದು ಮೊದಲ ದಿನವೇ. ನನ್ನ ಹೋಮ್ ಡೈರೆಕ್ಟರಿ ಬೇರೆ ಯಾರಿಗೂ ತೆರೆಯದ 0700. ಅದರೊಳಗಿನ ಕಾನ್ಫಿಗ್ ಫೈಲನ್ನು ಹುಕ್ (ಬಿಲ್ಡಿನ ನಡುವೆ ಓಡಲು ನಾವು ಕೊಡುವ ಕಮಾಂಡ್) ಒಳಗಿಂದ ನೇರವಾಗಿ ಕಾಪಿ ಮಾಡಲು ಹೋದೆ, ‘ಪರ್ಮಿಷನ್ ಡಿನೈಡ್’. ರೂಟ್ ಆಗಿ ಓಡುತ್ತಿದ್ದೇನೆ, ನನ್ನದೇ ಫೈಲು, ಆದರೂ ಓದಲಾಗದು! ಇದಕ್ಕೆಂದೇ ‘ಕಾಪಿ-ಇನ್’, ‘ಅಪ್‌ಲೋಡ್’ ಎಂಬ ವಿಶೇಷ ಹುಕ್‌ಗಳಿವೆ. ಅವು ಹೊರಗಿನ ನನ್ನ ಹಕ್ಕಿನಲ್ಲಿ ಓದಿ ಒಳಗೆ ದಾಟಿಸುತ್ತವೆ.

ಎರಡನೆಯದು ನಗು ತರಿಸುವಂಥದ್ದು. ಔಟ್‌ಪುಟ್ಟನ್ನು ಟಾರ್ (ಎಲ್ಲ ಫೈಲುಗಳನ್ನು ಒಂದರೊಳಗೆ ಕಟ್ಟಿದ ಗಂಟು) ಬದಲು ಡೈರೆಕ್ಟರಿಯಾಗಿ ತೆಗೆದುಕೊಂಡೆ. ಆಮೇಲೆ ಅಳಿಸಲು ಹೋದರೆ ನನ್ನದೇ ಫೋಲ್ಡರಿನೊಳಗಿನ ಸಾವಿರಾರು ಫೈಲು ನನ್ನ ಮಾತು ಕೇಳುತ್ತಿಲ್ಲ. ಅವು ಆ ಅನಾಮಿಕನವು. ಮತ್ತೆ ನೇಮ್‌ಸ್ಪೇಸ್ ಒಳಹೊಕ್ಕು ಅಲ್ಲಿಂದಲೇ ಅಳಿಸಬೇಕಾಯಿತು. ಹಾಗೆ ಒಳಹೋಗಲು ಎಂಎಂಡೆಬ್‌ಸ್ಟ್ರಾಪ್‌ನಲ್ಲೇ ‘ಅನ್‌ಶೇರ್-ಹೆಲ್ಪರ್’ ಎಂಬ ಆಯ್ಕೆ ಇದೆ.

ಮೂರನೆಯದಕ್ಕೆ ಎರಡು ದಿನ ಕಳೆದೆ. ಅಂಥದ್ದೇ ಡೈರೆಕ್ಟರಿಯಿಂದ, ಫೈಲ್‌ಸಿಸ್ಟಮ್ ಸೃಷ್ಟಿಸುವ ‘ಎಂಕೆಇ2ಎಫ್‌ಎಸ್’ನ ‘ಡಿ’ ಆಯ್ಕೆ ಬಳಸಿ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ತುಂಬಿದೆ. ಮೌಂಟ್ ಬೇಕಿಲ್ಲ, ಲೂಪ್ ಡಿವೈಸ್ ಬೇಕಿಲ್ಲ, ಬಹಳ ಚೆಂದ. ಬೋರ್ಡ್ ಬೂಟ್ ಆಯಿತು, ಲಾಗಿನ್ ಆಯಿತು, ಸುಡೊ ಒತ್ತಿದರೆ ‘ಈ ಫೈಲು ಯುಐಡಿ 0ಗೆ ಸೇರಿರಬೇಕು’ ಎಂದು ಹಟ ಹಿಡಿದು ಕೂತಿತು. ನಾನು ಆ ಕಮಾಂಡನ್ನು ನೇಮ್‌ಸ್ಪೇಸ್ ಹೊರಗೆ ಓಡಿಸಿದ್ದೆ. ಹೊರಗಿನಿಂದ ಕಂಡ 100000 ಎಂಬ ಅಂಕೆಯನ್ನು ಅದು ಇದ್ದ ಹಾಗೆಯೇ ಇಮೇಜಿಗೆ ಇಳಿಸಿತ್ತು. ತಪ್ಪು ಪೂರ್ತಿ ನನ್ನದು. ಅಂದಿನಿಂದ ಡೈರೆಕ್ಟರಿ ಮುಟ್ಟುವುದನ್ನೇ ಬಿಟ್ಟೆ. ಔಟ್‌ಪುಟ್ ಯಾವಾಗಲೂ ಟಾರ್. ಟಾರ್ ಒಳಗೆ ಮಾಲೀಕರ ಅಂಕೆಗಳು ಸರಿಯಾಗಿರುತ್ತವೆ, ನೇಮ್‌ಸ್ಪೇಸ್ ಒಳಗೆ ಸೃಷ್ಟಿಸಲು ಬಿಡದ ಡಿವೈಸ್ ನೋಡ್‌ಗಳನ್ನು (ಡೆವ್ ಒಳಗಿನ ಸಾಧನಗಳ ಫೈಲುಗಳನ್ನು) ಕೂಡ ಬರಿಯ ದಾಖಲೆಗಳಾಗಿ ಅದರೊಳಗೆ ಬರೆದಿರುತ್ತದೆ. 2024ರಲ್ಲಿ ಬಂದ, ಎಂಕೆಇ2ಎಫ್‌ಎಸ್ ಇರುವ ಟೂಲುಗಳ ಕಟ್ಟು ಇ2ಎಫ್‌ಎಸ್‌ಪ್ರಾಗ್ಸ್ 1.47.1ರಿಂದ ಎಂಕೆಇ2ಎಫ್‌ಎಸ್ ಟಾರ್ ಫೈಲನ್ನೇ ನೇರವಾಗಿ ನುಂಗುತ್ತದೆ. ಅದನ್ನು ಓದಿದ ದಿನ ನನ್ನ ಸ್ಕ್ರಿಪ್ಟಿನ ನಲವತ್ತು ಸಾಲು ಕಸದ ಬುಟ್ಟಿಗೆ ಹೋಯಿತು.

ಪಾರ್ಟಿಷನ್ ಭಾಗ ಎಂಎಂಡೆಬ್‌ಸ್ಟ್ರಾಪ್‌ನ ಕೆಲಸವಲ್ಲ, ಆದರೆ ಇದನ್ನು ಬಳಸುವವರಿಗೆ ಅದು ತಪ್ಪಿದ್ದಲ್ಲ. ‘ಎಸ್‌ಎಫ್‌ಡಿಸ್ಕ್’ಗೆ ಸಾದಾ ಫೈಲು ಕೊಟ್ಟರೂ ಪಾರ್ಟಿಷನ್ ಟೇಬಲ್ ಬರೆಯುತ್ತದೆ. ಫ್ಯಾಟ್ ಪಾರ್ಟಿಷನ್ ಇದ್ದರೆ ಅದಕ್ಕೆ ಫೈಲು ಹಾಕಲು ‘ಎಂಟೂಲ್ಸ್’ನ ಎಂಕಾಪಿ ಸಾಕು. ಬೂಟ್‌ಲೋಡರನ್ನು (ಸಿಸ್ಟಮ್ಮನ್ನು ಎಬ್ಬಿಸುವ ಪ್ರೋಗ್ರಾಮನ್ನು) ಕಾಪಿ ಕಮಾಂಡ್ ‘ಡಿಡಿ’ಯಿಂದ ಹಾಕುವಾಗ ‘ನೋಟ್ರಂಕ್’ ಆಯ್ಕೆ ಮರೆತರೆ ಇಮೇಜಿನ ಉಳಿದ ಭಾಗ ಕತ್ತರಿಸಿ ಹೋಗುತ್ತದೆ. ಎರಡು ಜಿಬಿ ಫೈಲು ಕ್ಷಣದಲ್ಲಿ ಕೆಲವು ನೂರು ಕೆಬಿ ಆಗುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಆಲ್‌ವಿನ್ನರ್ ಚಿಪ್ ಇರುವ ಬೋರ್ಡುಗಳಲ್ಲಿ ಇನ್ನೊಂದು ಗುಂಡಿ ಇದೆ. ಅವು ಬೂಟ್‌ಲೋಡರನ್ನು ಕಾರ್ಡಿನ ಆರಂಭದಿಂದ 8 ಕೆಬಿ ದಾಟಿದ ಜಾಗದಲ್ಲಿ ಹುಡುಕುತ್ತವೆ. ಜಿಪಿಟಿ ಮಾದರಿಯ ಪಾರ್ಟಿಷನ್ ಟೇಬಲ್ ಸಾಮಾನ್ಯವಾಗಿ ಮೊದಲ 34 ಸೆಕ್ಟರ್, ಅಂದರೆ 17 ಕೆಬಿ ತಿನ್ನುತ್ತದೆ. ಎರಡೂ ಒಂದರ ಮೇಲೊಂದು ಕೂರುತ್ತವೆ. ಹಳೆಯ ಎಂಬಿಆರ್ ಟೇಬಲ್ ಇಟ್ಟುಕೊಂಡರೆ ಜಗಳವಿಲ್ಲ.

ಎಮ್ಯುಲೇಷನ್ನಿನ ನಿಧಾನವನ್ನು ಮುಚ್ಚಿಡುವುದಿಲ್ಲ. ಫೈಲು ಇಳಿಸುವುದು, ಬಿಚ್ಚುವುದು ಹೋಸ್ಟಿನ ವೇಗದಲ್ಲೇ ನಡೆಯುತ್ತದೆ. ಪ್ಯಾಕೇಜಿನ ಸ್ಕ್ರಿಪ್ಟುಗಳು ಓಡುವ ಹಂತಕ್ಕೆ ಬಂದಾಗ ಬಂಡಿ ಕೆಸರಿಗೆ ಇಳಿಯುತ್ತದೆ. ಇನಿಟ್‌ರಾಮ್‌ಎಫ್‌ಎಸ್ (ಬೂಟಿನ ಆರಂಭಕ್ಕೆ ಬೇಕಾದ ಪುಟ್ಟ ಫೈಲ್‌ಸಿಸ್ಟಮ್) ಕಟ್ಟುವುದು, ಲೊಕೇಲ್ (ಭಾಷೆಯ ಸೆಟ್ಟಿಂಗ್) ತಯಾರಿ, ಪೈತಾನ್ ಫೈಲುಗಳ ಬೈಟ್‌ಕಂಪೈಲ್ ಇವು ಮೂರೂ ಸೇರಿ ನನ್ನ ಬಿಲ್ಡಿನ ಮುಕ್ಕಾಲು ಸಮಯ ನುಂಗುತ್ತವೆ. ಮ್ಯಾನ್ ಪೇಜುಗಳನ್ನು (ಕಮಾಂಡುಗಳ ಕೈಪಿಡಿಗಳನ್ನು) ಪ್ಯಾಕೇಜ್ ಬಿಚ್ಚುವ ಡಿಪಿಕೆಜಿಯ ಆಯ್ಕೆಯಲ್ಲೇ ಹೊರಗಿಟ್ಟೆ, ‘ಸ್ಟ್ಯಾಂಡರ್ಡ್’ ಬದಲು ಚಿಕ್ಕ ಪ್ಯಾಕೇಜ್ ಗುಂಪಾದ ‘ಎಪಿಟಿ’ ವೇರಿಯಂಟಿನಿಂದ ಶುರುಮಾಡಿ ಬೇಕಾದ್ದನ್ನಷ್ಟೇ ಹೆಸರಿಸಿ ಸೇರಿಸಿದೆ. ಸಮಯ ಅರ್ಧಕ್ಕರ್ಧ ಇಳಿಯಿತು. ಎಮ್ಯುಲೇಟರೇ ಬೇಡದ ‘ಸಿಎಚ್‌ರೂಟ್‌ಲೆಸ್’ ಮೋಡ್ ಕೂಡ ಇದೆ. ಸ್ಕ್ರಿಪ್ಟುಗಳು ಹೋಸ್ಟಿನ ಟೂಲುಗಳನ್ನೇ ಬಳಸಿ ಹೊರಗಿನಿಂದ ಕೆಲಸ ಮಾಡುತ್ತವೆ. ಆದರೆ ಅದಕ್ಕೆ ಒಗ್ಗಿಕೊಂಡ ಪ್ಯಾಕೇಜುಗಳು ಬೇಕು. ನನ್ನ ಪಟ್ಟಿ ಅಲ್ಲಿ ದಡ ಮುಟ್ಟಲಿಲ್ಲ. ಒಂದು ಲೈಬ್ರರಿಯ ಮೂಲಕ ಸಿಎಚ್‌ರೂಟ್ ಇದ್ದಂತೆ ನಟಿಸುವ ಫೇಕ್‌ಸಿಎಚ್‌ರೂಟ್ ಮೋಡನ್ನು ಒಂದು ಮಧ್ಯಾಹ್ನ ಪ್ರಯತ್ನಿಸಿ ಕೈಬಿಟ್ಟೆ. ಬೇರೆ ಆರ್ಕಿಟೆಕ್ಚರಿಗೆ ಹೋದಾಗ ಅದರ ಲೈಬ್ರರಿಯೂ ಆ ಆರ್ಕಿಟೆಕ್ಚರಿನದ್ದೇ ಬೇಕು, ಸ್ಟ್ಯಾಟಿಕ್ ಪ್ರೋಗ್ರಾಮುಗಳ ಮೇಲಂತೂ ಅದರ ಆಟ ನಡೆಯದು.

ಎಚ್ಚರಿಕೆಯ ಮಾತೊಂದು, ಯಾವ ಟೂಲ್ ಬಳಸಿದರೂ ಅನ್ವಯಿಸುವುದು. ದೂರದಿಂದ ಲಾಗಿನ್ ಆಗಲು ಬೇಕಾದ ಓಪನ್‌ಎಸ್‌ಎಸ್‌ಎಚ್ ಸರ್ವರ್ ಪ್ಯಾಕೇಜ್ ಇನ್‌ಸ್ಟಾಲ್ ಆಗುವಾಗಲೇ ಹೋಸ್ಟ್ ಕೀಗಳನ್ನು (ಯಂತ್ರದ ಗುರುತಿನ ಕೀಗಳನ್ನು) ಹುಟ್ಟಿಸುತ್ತದೆ. ಇಮೇಜಿನಲ್ಲಿ ಅವು ಉಳಿದರೆ ಆ ಇಮೇಜ್ ಹಾಕಿದ ಎಲ್ಲ ಬೋರ್ಡುಗಳ ಗುರುತು ಒಂದೇ. ಎರಡನೆಯ ಬೋರ್ಡಿಗೆ ಲಾಗಿನ್ ಆಗುವಾಗ ಎಸ್‌ಎಸ್‌ಎಚ್ ‘ಇದು ಹೊಸಬ, ನಂಬಲೇ?’ ಎಂದು ತೋರಿಸಿದ ಫಿಂಗರ್‌ಪ್ರಿಂಟ್ ಮೊದಲ ಬೋರ್ಡಿನದ್ದೇ ಆಗಿರುವುದು ಅಕಸ್ಮಾತ್ತಾಗಿ ಕಣ್ಣಿಗೆ ಬಿತ್ತು. ಈಗ ಕಸ್ಟಮೈಸ್ ಹುಕ್‌ನಲ್ಲಿ ಕೀಗಳನ್ನು ಅಳಿಸಿ, ಮೊದಲ ಬೂಟಿನಲ್ಲಿ ಹೊಸದಾಗಿ ಹುಟ್ಟಿಸುತ್ತೇನೆ.

ಕಂಟೇನರಿನೊಳಗೆ ಇದನ್ನು ಓಡಿಸುವವರು ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ. ರೂಟ್‌ಲೆಸ್ ಕಂಟೇನರಿಗೆ ಸಾಮಾನ್ಯವಾಗಿ ಸಿಕ್ಕಿರುವುದೇ 65536 ಯುಐಡಿ. ಒಳಗಿನ ಸಬ್‌ಯುಐಡಿ ಫೈಲಿನಲ್ಲಿ 100000 ಎಂದು ಬರೆದಿದ್ದರೆ ಆ ಅಂಕೆಯೇ ಅಲ್ಲಿಲ್ಲ. ಉಬುಂಟು 24.04ರಲ್ಲಿ ಆ್ಯಪ್‌ಆರ್ಮರ್ ಎಂಬ ಭದ್ರತಾ ವ್ಯವಸ್ಥೆ ಪೂರ್ವನಿಯೋಜಿತವಾಗಿಯೇ ಸಾಮಾನ್ಯ ಬಳಕೆದಾರರ ಯೂಸರ್ ನೇಮ್‌ಸ್ಪೇಸ್‌ಗಳಿಗೆ ಲಗಾಮು ಹಾಕುತ್ತದೆ. ಹಿಂದೆ ಓಡುತ್ತಿದ್ದ ಸ್ಕ್ರಿಪ್ಟ್ ನಿಂತರೆ ಮೊದಲು ಅಲ್ಲಿ ನೋಡಿ.

ಮೆಚ್ಚಿದ್ದನ್ನೂ ಹೇಳಬೇಕು. ಫೈಲುಗಳ ಸಮಯವನ್ನು ಗೊತ್ತುಮಾಡುವ ‘ಸೋರ್ಸ್ ಡೇಟ್ ಎಪೋಕ್’ ವೇರಿಯಬಲ್ ಕೊಟ್ಟು, ಅದೇ ಪ್ಯಾಕೇಜ್ ಆವೃತ್ತಿಗಳನ್ನು ಕೊಟ್ಟರೆ ಟಾರ್ ಬಿಟ್ಟಿಗೆ ಬಿಟ್ಟು ಒಂದೇ ಬರುತ್ತದೆ. ಲ್ಯಾಪ್‌ಟಾಪಿನದ್ದೂ ಸರ್ವರಿನದ್ದೂ ಚೆಕ್‌ಸಮ್ ಪಕ್ಕಪಕ್ಕ ಇಟ್ಟು ನೋಡಿದಾಗ ಆದ ಖುಷಿ ನನ್ನಂಥವರಿಗಷ್ಟೇ ಅರ್ಥವಾದೀತು. ಇಎಕ್ಸ್‌ಟಿ4 ಇಮೇಜೂ ಒಂದೇ ಬರಬೇಕಾದರೆ ಫೈಲ್‌ಸಿಸ್ಟಮ್ಮಿನ ಯುಯುಐಡಿ ಮತ್ತು ಹ್ಯಾಶ್ ಸೀಡ್ ಎರಡನ್ನೂ ನಾವೇ ಗೊತ್ತುಮಾಡಿ ಕೊಡಬೇಕು. 2025ರ ಆಗಸ್ಟಿನಲ್ಲಿ ಡೆಬಿಯನ್ 13 ಬಂದಾಗ ರಿಸ್ಕ್-ವಿ 64 ಅಧಿಕೃತ ಆರ್ಕಿಟೆಕ್ಚರ್ ಆಯಿತು. ಕುತೂಹಲಕ್ಕೆ ಸ್ಕ್ರಿಪ್ಟಿನಲ್ಲಿ ಆರ್ಕಿಟೆಕ್ಚರಿನ ಹೆಸರೊಂದನ್ನು ಬದಲಿಸಿ ಓಡಿಸಿದೆ, ರೂಟ್ ಫೈಲ್‌ಸಿಸ್ಟಮ್ ಮೊದಲ ಸಲಕ್ಕೇ ಬಂತು.

ಡಾಕ್ಯುಮೆಂಟೇಶನ್ ಒಂದು ಉದ್ದನೆಯ ಮ್ಯಾನ್ ಪೇಜ್. ಎಲ್ಲವೂ ಇದೆ, ಆದರೆ ಯಾವುದನ್ನು ಮೊದಲು ಓದಬೇಕು ಎಂದು ಅದು ಹೇಳುವುದಿಲ್ಲ. ಅದಕ್ಕೊಂದು ಅಂಕ ಕಡಿತ: 5ಕ್ಕೆ 4. ಕೆಲವು ಎಂಬಿಯ ಫರ್ಮ್‌ವೇರ್ ಸಾಕು ಎನ್ನುವವರಿಗೆ ಇದು ದಾರಿಯಲ್ಲ, ಬಿಲ್ಡ್‌ರೂಟ್ ಎಂಬ ಟೂಲ್ ಕಡೆ ಹೋಗಿ. ಅದಕ್ಕೂ ರೂಟ್ ಬೇಡ. ಬೋರ್ಡಿನ ಮೇಲೆ ಎಪಿಟಿ ಇರಬೇಕು, ಸೆಕ್ಯುರಿಟಿ ಅಪ್‌ಡೇಟ್ ಡೆಬಿಯನ್ನಿನಿಂದಲೇ ಬರಬೇಕು ಎನ್ನುವವರು ಇಲ್ಲಿಗೆ ಬನ್ನಿ.

ಈಗ ನನ್ನ ಬಿಲ್ಡ್ ಸ್ಕ್ರಿಪ್ಟಿನಲ್ಲಿ ಸುಡೊ ಎಂದು ಹುಡುಕಿದರೆ ಸಿಗುವುದು ಒಂದೇ ಕಡೆ: ಇಮೇಜಿನೊಳಗೆ ಇನ್‌ಸ್ಟಾಲ್ ಆಗಬೇಕಾದ ಪ್ಯಾಕೇಜುಗಳ ಪಟ್ಟಿಯಲ್ಲಿ.