ಹರಿದ ಎಸಿಎಲ್‌ಗೆ ಸ್ವಂತ ಗ್ರಾಫ್ಟಾ, ಸ್ಟೆಮ್ ಸೆಲ್ಲಾ?

ತೀರ್ಥಹಳ್ಳಿ ಕಡೆಯ ತೋಟದ ಇಳಿಜಾರಿನಲ್ಲಿ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು) ಪೂರ್ತಿ ಹರಿದು ಮಂಡಿ ಜಾರುತ್ತಿದ್ದರೆ, ಇವತ್ತಿಗೆ ನಂಬಬಹುದಾದ ದಾರಿ ಸ್ವಂತ ಗ್ರಾಫ್ಟ್. ಅಂದರೆ ನಿಮ್ಮದೇ ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಎಸಿಎಲ್ ಜಾಗದಲ್ಲಿ ಕೂರಿಸುತ್ತಾರೆ. ತೆಗೆದ ಜಾಗವೂ ನೋಯುತ್ತದೆ, ನಿಜ. ಕಬಡ್ಡಿಗೆ ಮರಳಲು ಸುಮಾರು 9 ತಿಂಗಳು ಬೇಕು.

ಸ್ಟೆಮ್ ಸೆಲ್ (ಬೇರೆ ಬೇರೆ ಅಂಗಾಂಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ) ದಾರಿಯ ಆಸೆ ದೊಡ್ಡದು. ರೇಷ್ಮೆ ಅಥವಾ ಕೊಲಾಜೆನ್ (ನಾರಿನಂಥ ಪ್ರೋಟೀನ್) ಹಂದರದ ಮೇಲೆ, ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದ ಹಾಗೆ, ಈ ಜೀವಕೋಶಗಳು ಬೆಳೆಯಬೇಕು. ಹಂದರ ಕರಗುವ ಹೊತ್ತಿಗೆ ಹೊಸ ಅಂಗಾಂಶ ಭಾರ ಹೊರಬೇಕು, ಮೂಳೆಗೂ ಗಟ್ಟಿಯಾಗಿ ಬೆಸೆಯಬೇಕು. ಕಷ್ಟ ಇರುವುದೇ ಇಲ್ಲಿ. ಹೆಚ್ಚಿನ ಕೆಲಸ ಇನ್ನೂ ಲ್ಯಾಬ್ ಮತ್ತು ಪ್ರಾಣಿಗಳ ಹಂತದಲ್ಲಿದೆ. ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಪಡೆದ, ಹರಿದ ಎಸಿಎಲ್ ಕೂಡಿಕೊಳ್ಳಲು ಮಂಡಿಯೊಳಗೆ ಇಡುವ ಬೇರ್ (BEAR) ಇಂಪ್ಲಾಂಟ್‌ನಲ್ಲೂ ಕೊಲಾಜೆನ್ ಹಂದರಕ್ಕೆ ಸೇರುವುದು ರೋಗಿಯದೇ ರಕ್ತ, ಸ್ಟೆಮ್ ಸೆಲ್ ಅಲ್ಲ.

ಹಾಗಾಗಿ ನಾನು ಗ್ರಾಫ್ಟನ್ನೇ ಹೇಳುತ್ತೇನೆ. ಶಿವಮೊಗ್ಗದಲ್ಲಿ ಯಾರಾದರೂ ಸ್ಟೆಮ್ ಸೆಲ್‌ಗೆ ದುಡ್ಡು ಕೇಳಿದರೆ, ನೋಂದಾಯಿತ ಟ್ರಯಲ್ (ರೋಗಿಗಳ ಮೇಲಿನ ಅಧಿಕೃತ ಪ್ರಯೋಗ) ಇದೆಯಾ ಅಂತ ಮೊದಲು ವಿಚಾರಿಸಿ.