ಪುಟ್ಟ ಅಂಗಳಕ್ಕೆ ಜೋಲುಕೊಂಬೆಯ ಮರ: ಬಾಟಲ್ ಬ್ರಷ್ಷೋ, ಕಂಬದ ಅಶೋಕವೋ?

ಗೋಡೆಗೂ ಕಾಂಪೌಂಡಿಗೂ ನಡುವೆ 5–6 ಅಡಿಯಷ್ಟೇ ಇದ್ದರೆ ಕಂಬದ ಅಶೋಕವೇ ಸರಿ. ಕೊಂಬೆಗಳು ಕಾಂಡಕ್ಕೆ ಅಂಟಿಕೊಂಡೇ ಜೋಲುತ್ತವೆ. ಆದರೆ 30 ಅಡಿ ದಾಟುತ್ತದೆ, ಮೇಲೆ ಕರೆಂಟು ತಂತಿ ಇದ್ದರೆ ಬೇಡ. ತುದಿ ಕಡಿದರೆ ಅಂದವೂ ಹೋಯಿತು.

10 ಅಡಿ ಜಾಗ, ಒಳ್ಳೆ ಬಿಸಿಲು ಎರಡೂ ಇದ್ದರೆ ನಮ್ಮ ಮತ ಬಾಟಲ್ ಬ್ರಷ್ಷಿಗೆ. ಕೆಂಪು ಹೂವಿಗೆ ಸೂರಕ್ಕಿಗಳೂ ಬರುತ್ತವೆ. ಒಂದೂವರೆ ಅಡಿ ಗುಂಡಿ ತೆಗೆದು, ಮಣ್ಣಿಗೆ ಮೂರರಲ್ಲೊಂದು ಪಾಲು ಕೊಟ್ಟಿಗೆ ಗೊಬ್ಬರ ಬೆರೆಸಿ. ಕೆಳಗೆ ಜಂಬಿಟ್ಟಿಗೆ ಕಲ್ಲು ಸಿಕ್ಕಿದರೆ ಮಲೆನಾಡಿನ ಮಳೆಗೆ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಅಂಥಲ್ಲಿ ದಿಬ್ಬ ಮಾಡಿ ನೆಡಿ. ಹೂವು ಬಾಡಿದ ಕೂಡಲೇ ಕತ್ತರಿ ಹಾಕಿ, ಎಲೆಯಿಲ್ಲದ ಹಳೇ ಕೊಂಬೆಯವರೆಗೆ ಮಾತ್ರ ಹೋಗಬೇಡಿ, ಚಿಗುರುವುದು ಕಷ್ಟ.

ವೀಪಿಂಗ್ ಫೈಕಸ್? ನರ್ಸರಿಯಲ್ಲಿ ಮುದ್ದು. ನೆಲಕ್ಕಿಟ್ಟರೆ ಅದರ ಬೇರು ಚರಂಡಿ, ಸಂಪು, ತಳಪಾಯ ಯಾವುದನ್ನೂ ಬಿಡದು.