ಪ್ರತಿಭಟನೆಯ ನಡುವೆ ಫ್ಯೂಜಿಫಿಲ್ಮ್ ಎಕ್ಸ್100ವಿ: ಹಳದಿ ಬಣ್ಣದ ಮೇಲೊಂದು ಕಣ್ಣಿರಲಿ

2022ರ ಫೆಬ್ರುವರಿ 27ರಂದು ಬರ್ಲಿನ್‌ನ 'ಜೂನ್ 17ರ ರಸ್ತೆ'ಯಲ್ಲಿ ಉಕ್ರೇನ್ ಜನರ ಪರವಾಗಿ ಲಕ್ಷಕ್ಕೂ ಹೆಚ್ಚು ಮಂದಿ ಸೇರಿದ್ದರು. ಅಂಥ ಜನಜಂಗುಳಿಯೊಳಗೆ ಉದ್ದ ಲೆನ್ಸ್ ಹಿಡಿದು ನುಗ್ಗಿದರೆ ಎದುರಿನವರ ಮುಖ ಬಿಗಿಯಾಗುತ್ತದೆ. 478 ಗ್ರಾಂ ತೂಗುವ, ಶಟರ್ ಸದ್ದೇ ಕೇಳಿಸದ ಎಕ್ಸ್100ವಿ ಇಂಥ ಕಡೆಗೆ ಹೇಳಿ ಮಾಡಿಸಿದ ಕ್ಯಾಮೆರಾ. ಲೆನ್ಸ್ 23 ಮಿ.ಮೀ., ಫುಲ್ ಫ್ರೇಮ್ (ಹಳೆಯ ಫಿಲ್ಮ್ ಅಳತೆಯ ಸೆನ್ಸರ್) ಲೆಕ್ಕದಲ್ಲಿ 35. ಜೂಮ್ ಇಲ್ಲ. ವೇದಿಕೆಯ ಮೇಲಿನ ಭಾಷಣಕಾರರೇ ಬೇಕು ಅನ್ನುವವರು ಇದನ್ನು ಕೊಳ್ಳಬೇಡಿ.

ಗುಂಪಿನಲ್ಲಿ ಆಟೋಫೋಕಸ್ ಮುಂದೆ ಹಾರಾಡುವ ಬಾವುಟಕ್ಕೇ ಅಂಟಿಕೊಳ್ಳುತ್ತದೆ. ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಎಫ್ 8ಕ್ಕೆ ಇಟ್ಟು, ಮ್ಯಾನುವಲ್ ಫೋಕಸ್ಸನ್ನು 2.5 ಮೀಟರಿಗೆ ನಿಲ್ಲಿಸಿದರೆ ಸುಮಾರು 1.4ರಿಂದ 10 ಮೀಟರ್‌ವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಶಟರ್ ವೇಗ 1/500 ಸೆಕೆಂಡ್, ಐಎಸ್ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) ಆಟೋ. ಬಾವುಟ ಜೋರಾಗಿ ಬಡಿದಾಡುತ್ತಿದ್ದರೆ 1/1000.

ನಿಜವಾದ ಪರೀಕ್ಷೆ ಹಳದಿಯದು. ಚಳಿಗಾಲದ ಕಪ್ಪು ಕೋಟುಗಳನ್ನು ನೋಡಿ ಕ್ಯಾಮೆರಾದ ಬೆಳಕಳೆಯುವ ಮೀಟರ್ ಚಿತ್ರದ ಬೆಳಕು ಹೆಚ್ಚಿಸುತ್ತದೆ. ಆಗ ಉಕ್ರೇನಿನ ನೀಲಿ-ಹಳದಿ ಬಾವುಟದ ಕೆಳಗಿನ ಹಳದಿ ಪಟ್ಟಿಯಲ್ಲಿ ಕೆಂಪು, ಹಸಿರು ಚಾನೆಲ್‌ಗಳು (ಹಳದಿಯನ್ನು ಮೂಡಿಸುವ ಎರಡು ಬಣ್ಣಗಳ ದಾಖಲೆ) ತುಂಬಿ ಹರಿದು, ಬಟ್ಟೆಯ ಮಡಿಕೆ, ನೇಯ್ಗೆ, ಅದರ ಮೇಲೆ ಪೆನ್ನಲ್ಲಿ ಬರೆದ ಊರಿನ ಹೆಸರು ಎಲ್ಲವೂ ಬಣ್ಣ ಬಳಿದಂತೆ ಚಪ್ಪಟೆಯಾಗುತ್ತವೆ. ಕ್ಯಾಮೆರಾದೊಳಗಿನ ಫಿಲ್ಮ್ ಬಣ್ಣದ ಆಯ್ಕೆಗಳಲ್ಲಿ ಗಾಢ ಬಣ್ಣದ ವೆಲ್ವಿಯಾ ಮುಟ್ಟಲೇಬೇಡಿ; ಮೃದುವಾದ ಪ್ರೊ ನೆಗ್ ಸ್ಟ್ಯಾಂಡರ್ಡ್ ಸಾಕು. ಬೆಳಕು ಹೆಚ್ಚು-ಕಡಿಮೆ ಮಾಡುವ ಕಾಂಪೆನ್ಸೇಶನ್ ಡಯಲ್ಲನ್ನು ಮೈನಸ್ 2/3ಕ್ಕೆ ತಿರುಗಿಸಿ, ರಾ ಫೈಲ್ (ಸೆನ್ಸರಿನ ಕಚ್ಚಾ ದಾಖಲೆ) ಉಳಿಸಿಕೊಳ್ಳಿ. ಕಪ್ಪಾದ ನೀಲಿಯನ್ನು ಆಮೇಲೆ ಎತ್ತಬಹುದು, ಹೋದ ಹಳದಿ ಮರಳಿ ಬರುವುದಿಲ್ಲ.

ಆ ರಸ್ತೆ ಪೂರ್ವ-ಪಶ್ಚಿಮವಾಗಿದೆ. ಬ್ರಾಂಡೆನ್‌ಬರ್ಗ್ ದ್ವಾರ ಪೂರ್ವದ ತುದಿಯಲ್ಲಿ. ಮಧ್ಯಾಹ್ನದ ಮೇಲೆ ದ್ವಾರಕ್ಕೆ ಮುಖಮಾಡಿದ ಜನರ ಬೆನ್ನಿಗೆ ಬಿಸಿಲು. ಎದುರಿನಿಂದ ತೆಗೆದರೆ ಬಾವುಟ ದೀಪದಂತೆ ಬೆಳಗುತ್ತದೆ, ಮುಖ ಮಾತ್ರ ಕಪ್ಪು. ಲೆನ್ಸಿನೊಳಗೇ ಕೂತ ಲೀಫ್ ಶಟರ್ ಇರುವುದರಿಂದ 1/500ರಲ್ಲೂ ಒಳಗಿನ ಫ್ಲ್ಯಾಶ್ ಕೆಲಸ ಮಾಡುತ್ತದೆ. ಎರಡು ಹೆಜ್ಜೆ ದೂರದ ಮುಖಕ್ಕೆ ಅದೇ ಸಾಕು. ಹಿನ್ನೆಲೆಯಲ್ಲಿ ಎಲ್ಇಡಿ ಪರದೆ ಇದ್ದರೆ ಎಲೆಕ್ಟ್ರಾನಿಕ್ ಶಟರ್ ಬೇಡ, ಅಡ್ಡಗೆರೆ ಬೀಳುತ್ತವೆ. ಕತ್ತಲಾದ ಮೇಲೆ ಮೇಣದಬತ್ತಿ ಬೆಳಕಿಗೆ ಎಫ್ 2, 1/125, ಐಎಸ್ಒ 3200ರಿಂದ ಶುರುಮಾಡಿ. ಆಗ ಫ್ಲ್ಯಾಶ್ ಬೇಡ.

ಕುಂದುಗಳೂ ಇವೆ. ಕಾರ್ಡಿಗೆ ಒಂದೇ ಸ್ಲಾಟ್. ಎಲೆಕ್ಟ್ರಾನಿಕ್ ವ್ಯೂಫೈಂಡರಿನಲ್ಲಿ ಒಂದು ಬ್ಯಾಟರಿಗೆ ಸುಮಾರು 350 ಚಿತ್ರ ಅನ್ನುತ್ತಾರೆ, ಚಳಿಯಲ್ಲಿ ಅಷ್ಟು ಬರುವುದಿಲ್ಲ. ಮೂರು ಬ್ಯಾಟರಿಯನ್ನು ಒಳಜೇಬಿನಲ್ಲಿ ಮೈಬಿಸಿಗೆ ಇಟ್ಟುಕೊಳ್ಳಿ. ಐಎಸ್ಒ ಬದಲಿಸಲು ಶಟರ್ ಡಯಲ್ಲಿನ ಸುತ್ತುಬಳೆಯನ್ನು ಮೇಲೆತ್ತಿ ತಿರುಗಿಸಬೇಕು, ಕೈಗವಸು ಹಾಕಿದ್ದರೆ ಅದು ಜಾರುತ್ತದೆ. ಅಡಾಪ್ಟರ್ ರಿಂಗ್, 49 ಮಿ.ಮೀ. ಫಿಲ್ಟರ್ ಬೇರೆಯಾಗಿ ಕೊಳ್ಳದಿದ್ದರೆ ಮಳೆಯಿಂದ ಲೆನ್ಸಿಗೆ ರಕ್ಷಣೆಯಿಲ್ಲ.

ಜರ್ಮನಿಯ ಕಾನೂನಿನ ಪ್ರಕಾರ ಸಭೆ, ಮೆರವಣಿಗೆಯ ಚಿತ್ರಗಳನ್ನು ಪಾಲ್ಗೊಂಡವರ ಒಪ್ಪಿಗೆಯಿಲ್ಲದೆ ಪ್ರಕಟಿಸಬಹುದು. ಒಬ್ಬರ ಮುಖವನ್ನೇ ಹತ್ತಿರದಿಂದ ತೆಗೆದರೆ ಆ ವಿನಾಯಿತಿಯನ್ನು ನೆಚ್ಚಿಕೊಳ್ಳಬೇಡಿ. ರಷ್ಯಾ ಆಕ್ರಮಿಸಿದ ಊರುಗಳಲ್ಲಿ ಸಭೆಗೆ ಬಂದವರ ತಂದೆ ತಾಯಿ ಇರಬಹುದು, ಮುಖ ಗುರುತಾದರೆ ಅವರಿಗೆ ತೊಂದರೆಯಾಗಬಹುದು. ಹಿಂದಿನ ಪರದೆಯಲ್ಲಿ ಚಿತ್ರ ತೋರಿಸಿ ಕೇಳಿ. ಬೇಡ ಅಂದರೆ ಅವರ ಎದುರಿಗೇ ಅಳಿಸಿ.